ಬಾಡಿಗೆಯ ಗಡಿಯಾರ ಮತ್ತು ಪರಿಗ್ರಹ

ಜಪಾನಿನ ಒಸಾಕಾದ ಕಂಪನಿಯೊಂದು ‘ಟೋಕೆ ಮ್ಯಾಚ್’ ಎಂಬ ಸೇವೆಯನ್ನು ನಡೆಸುತ್ತಿತ್ತು. ಬೆಲೆಬಾಳುವ ಕೈಗಡಿಯಾರಗಳನ್ನು ಒಡೆಯರಿಂದ ಪಡೆದು, ಬಯಸಿದವರಿಗೆ ಬಾಡಿಗೆಗೆ ಕೊಟ್ಟು, ಒಡೆಯರಿಗೆ ತಿಂಗಳಿಗಿಷ್ಟು ಹಣ ನೀಡುವುದು ಅದರ ಕ್ರಮ. ಪೆಟ್ಟಿಗೆಯಲ್ಲಿ ಸುಮ್ಮನಿದ್ದ ರೋಲೆಕ್ಸ್ ಹಣ ತರುವುದಾದರೆ ಯಾರಿಗೆ ಬೇಡ? 2024ರ ಜನವರಿ 31ರಂದು ಆ ಸೇವೆ ನಿಂತಿತು. ನೂರಾರು ಗಡಿಯಾರಗಳು ಒಡೆಯರಿಗೆ ಮರಳಲಿಲ್ಲ. ಎಷ್ಟೋ ಗಡಿಯಾರಗಳು ಮಾರಾಟವಾಗಿದ್ದವು.

ನಂಬಿ ಇರಿಸಿದ ವಸ್ತುವಿನ ವಿಷಯದಲ್ಲಿ ತಪ್ಪಿ ನಡೆಯುವುದನ್ನು ಜೈನಾಚಾರ್ಯರು ‘ನ್ಯಾಸಾಪಹಾರ’ ಎಂದರು. ತತ್ತ್ವಾರ್ಥಸೂತ್ರವು ಇದನ್ನು ಅಚೌರ್ಯದಲ್ಲಿ ಎಣಿಸದೆ, ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಸೇರಿಸಿರುವುದು ಗಮನಾರ್ಹ. ವಸ್ತು ಕೈತಪ್ಪುವ ಮೊದಲೇ ಮಾತು ಕೆಟ್ಟಿರುತ್ತದೆ. ಆದರೆ ದೋಷವೆಲ್ಲವೂ ವಂಚಕನದೇ ಎಂದು ವಿಚಾರವನ್ನು ಮುಗಿಸಲಾಗದು. ಪ್ರಾಮಾಣಿಕವಾಗಿಯೇ ನಡೆದರೂ ಈ ವ್ಯವಹಾರ ಒಡೆಯನಿಗೂ ಧರಿಸುವವನಿಗೂ ಹಿತವೇ?

ಒಂದು ವಸ್ತು ಹಲವರಿಗೆ ಒದಗುವುದು ತಪ್ಪಲ್ಲ. ಮದುವೆಗೆ ಪಾತ್ರೆ, ಶಾಮಿಯಾನಗಳನ್ನು ಬಾಡಿಗೆಗೆ ತರುವ ಗೃಹಸ್ಥನು ವ್ಯರ್ಥ ಸಂಗ್ರಹದಿಂದ ಪಾರಾಗುತ್ತಾನೆ. ಹೊಸ ವಸ್ತುವಿನ ತಯಾರಿಕೆಯಲ್ಲಿ ಆಗುವ ಹಿಂಸೆಯೂ ಅಷ್ಟರಮಟ್ಟಿಗೆ ತಗ್ಗುತ್ತದೆ. ಆದರೆ ಪಾತ್ರೆ ಬರುವುದು ಅಡುಗೆಗಾಗಿ. ಈ ಗಡಿಯಾರ ಬರುವುದು ಸಮಯ ನೋಡುವುದಕ್ಕಾಗಿ ಅಲ್ಲ. ಲಕ್ಷಾಂತರ ರೂಪಾಯಿಯ ಯಾಂತ್ರಿಕ ಗಡಿಯಾರವೂ ದಿನಕ್ಕೆ ಕೆಲವು ಸೆಕೆಂಡು ಹಿಂದೆಮುಂದೆ ಆಗುವುದುಂಟು. ಅಗ್ಗದ ಕ್ವಾರ್ಟ್ಜ್ ಗಡಿಯಾರವೇ ಅದಕ್ಕಿಂತ ನಿಖರ. ಹೀಗಿರುವಾಗ ಬಾಡಿಗೆ ಸಲ್ಲುವುದು ನೋಡುವವರ ಕಣ್ಣುಗಳಿಗಾಗಿ, ಅಂದರೆ ಮಾನಕಷಾಯಕ್ಕಾಗಿ.

“ವಸ್ತು ತನ್ನದಲ್ಲ, ಹಾಗಾದರೆ ಪರಿಗ್ರಹವೆಲ್ಲಿ?” ಎಂದು ಧರಿಸುವವನು ಕೇಳಬಹುದು. ಉಮಾಸ್ವಾಮಿ ಆಚಾರ್ಯರ ದೃಷ್ಟಿಯಲ್ಲಿ ಪರಿಗ್ರಹವನ್ನು ನಿರ್ಣಯಿಸುವುದು ಮೂರ್ಛೆ, ಅಂದರೆ ವಸ್ತುವಿನ ಮೇಲಿನ ಮಮತೆ, ಒಡೆತನದ ಕಾಗದವಲ್ಲ. ಪುನಃಪುನಃ ಬಳಸುವ ವಸ್ತುವನ್ನು ಉಪಭೋಗವೆಂದು ಗುರುತಿಸಿದ ಸಮಂತಭದ್ರಾಚಾರ್ಯರು ಅದಕ್ಕೂ ಮಿತಿಯನ್ನು ವಿಧಿಸಿದರು. ತಿಂಗಳಿಗೊಂದು ಹೊಸ ಗಡಿಯಾರವನ್ನು ಅರಸುವವನ ಬಯಕೆ, ಒಂದನ್ನೇ ಕೊಂಡು ಬಾಳಿಸುವವನ ಬಯಕೆಗಿಂತ ದೊಡ್ಡದಾಗಿರಬಹುದು.

ಒಡೆಯನ ಸ್ಥಿತಿಯೂ ಬೇರೆಯಲ್ಲ. ಅವನು ಅದನ್ನು ಧರಿಸುವುದಿಲ್ಲ, ಬಿಡಲೂ ಆರ. ಗೀರು ಬಿದ್ದೀತೇ, ಮರಳಿ ಬಂದೀತೇ ಎಂಬ ಚಿಂತೆ ಮಾತ್ರ ಅವನ ಬಳಿಯೇ ಉಳಿಯುತ್ತದೆ. ವಿಷಯಗಳ ಸಂರಕ್ಷಣೆಯಲ್ಲೇ ಮಗ್ನವಾದ ಮನಸ್ಸನ್ನು ಶಾಸ್ತ್ರವು ರೌದ್ರಧ್ಯಾನದಲ್ಲಿ ಎಣಿಸಿದೆ. ಕೈಗೆ ಬರುವ ಬಾಡಿಗೆ ಈ ಅಶಾಂತಿಯ ಬೆಲೆಗೆ ಸಾಟಿಯಾಗದು.

ಧರಿಸದ ಗಡಿಯಾರವನ್ನು ಮಾರಿ, ಬಂದ ಹಣದಲ್ಲಿ ಒಂದು ಪಾಲನ್ನಾದರೂ ಆಹಾರದಾನಕ್ಕೋ ಔಷಧದಾನಕ್ಕೋ ವಿನಿಯೋಗಿಸುವುದು ಒಡೆಯನಿಗೆ ಲೇಸು. ಪರಿಮಾಣವ್ರತವನ್ನು ಸ್ವೀಕರಿಸುವ ಶ್ರಾವಕ-ಶ್ರಾವಿಕೆಯರು, ಸ್ವಂತದ ವಸ್ತುಗಳೊಡನೆ ಬಾಡಿಗೆಯ ವಸ್ತುಗಳನ್ನೂ ತಮ್ಮ ಎಣಿಕೆಯಲ್ಲಿ ಸೇರಿಸಿಕೊಳ್ಳುವುದು ಇಂದಿನ ಕಾಲಕ್ಕೆ ಉಚಿತವಾದ ನಿಯಮ.