ಭಾಷಾ ಅಧ್ಯಾಪಕರೂ ತರಗತಿಯ ಯಂತ್ರಗಳೂ

— ಅಂತಿಮ ಬಿ.ಎ. ವಿದ್ಯಾರ್ಥಿನಿ

‘ಕುಣಿಯಲಾರದವಳು ನೆಲ ಡೊಂಕು ಎಂದಳಂತೆ’ ಎಂಬುದು ನಮ್ಮಲ್ಲಿ ಬಹು ಹಳೆಯ ಗಾದೆ. ತರಗತಿಗೆ ಪರದೆ, ಪ್ರೊಜೆಕ್ಟರು, ಗಣಕಯಂತ್ರಗಳು ಬಂದ ಮೇಲೆ ಈ ಗಾದೆಯನ್ನು ಭಾಷಾ ಅಧ್ಯಾಪಕರ ಮೇಲೆ ಪ್ರಯೋಗಿಸುವುದು ಒಂದು ವಾಡಿಕೆಯೇ ಆಗಿಹೋಗಿದೆ. ವಿಜ್ಞಾನದವರು ಯಂತ್ರ ಬಳಸುತ್ತಾರೆ, ವಾಣಿಜ್ಯದವರು ಬಳಸುತ್ತಾರೆ, ಕನ್ನಡದವರು ಮಾತ್ರ ಸೀಮೆಸುಣ್ಣವನ್ನು ಬಿಡಲೊಲ್ಲರು ಎಂದು ನಮ್ಮ ಮಿತ್ರರು ನಗುವುದುಂಟು. ಆದರೆ ನೆಲವು ನಿಜವಾಗಿಯೂ ಡೊಂಕಾಗಿದೆಯೇ ಎಂದು ಯಾರಾದರೂ ಬಗ್ಗಿ ನೋಡಿದ್ದಾರೆಯೆ? ಹಾಗೆ ನೋಡಬೇಕೆಂಬುದೇ ಈ ಲೇಖನದ ಉದ್ದೇಶ.

ಯಂತ್ರ ಬೇಕೆ, ಬೇಡವೆ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ಯಂತ್ರ ಬಂದಾಗಿದೆ. 2020ರಲ್ಲಿ ಕೊರೋನಾ ಕಾಲದ ದಿಗ್ಬಂಧನವು ಶಾಲೆ ಕಾಲೇಜುಗಳ ಬಾಗಿಲನ್ನು ಮುಚ್ಚಿಸಿದಾಗ ಪಾಠವೆಲ್ಲ ಒಂದು ಅಂಗೈಯಗಲದ ಮೊಬೈಲಿನೊಳಕ್ಕೆ ಹೋಗಿ ಕುಳಿತಿತು. ಮನೆಗೊಂದೇ ಮೊಬೈಲು, ಅದೂ ಅಪ್ಪನೊಡನೆ ಕೂಲಿಗೆ ಹೋಗುವ ಮೊಬೈಲು ಎಂಬ ಸ್ಥಿತಿ ನಮ್ಮಲ್ಲಿ ಎಷ್ಟು ಮಂದಿಗೆ ಇರಲಿಲ್ಲ? ಆ ಕಾಲ ಕಳೆಯಿತು, ಯಂತ್ರಗಳು ಉಳಿದವು. ಈಗ ಕೇಳಬೇಕಾದ ಪ್ರಶ್ನೆ ಒಂದೇ: ಯಂತ್ರದ ಬಳಿ ನಿಂತ ಅಧ್ಯಾಪಕರ ಬಳಿಯಲ್ಲಿ ನಿಲ್ಲುವವರು ಯಾರು?

ಹಿಂದಿನ ಚರಿತ್ರೆಯನ್ನು ಸ್ವಲ್ಪ ನೋಡೋಣ. 1957ರಲ್ಲಿ ಸೋವಿಯತ್ ದೇಶವು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದಾಗ ಅಮೆರಿಕಾ ಬೆಚ್ಚಿಬಿದ್ದು, 1958ರ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಶಾಸನದ ಮೂಲಕ ಪರಭಾಷಾ ಬೋಧನೆಗೂ ಹೇರಳ ಹಣವನ್ನು ಒದಗಿಸಿತು. ಶಾಲೆ ಕಾಲೇಜುಗಳಲ್ಲಿ ‘ಭಾಷಾ ಪ್ರಯೋಗಶಾಲೆ’ಗಳು ಎದ್ದವು. ವಿದ್ಯಾರ್ಥಿಯು ಕಿವಿಗೆ ಹೆಡ್‌ಫೋನು ಧರಿಸಿ, ಟೇಪಿನಲ್ಲಿ ಬಂದ ವಾಕ್ಯವನ್ನು ಕೇಳಿ ಮರಳಿ ನುಡಿಯಬೇಕು, ಇದೇ ಪಾಠ. ಒಂದೆರಡು ದಶಕಗಳೊಳಗೆ ಅವುಗಳಲ್ಲಿ ಅನೇಕವು ಮೂಲೆಗೆ ಬಿದ್ದವು. ಯಂತ್ರವನ್ನು ಕೊಂಡವರು ಅಧ್ಯಾಪಕರನ್ನು ಸಿದ್ಧಗೊಳಿಸಲಿಲ್ಲ, ಟೇಪಿನ ಪಾಠವು ಬೇಸರ ತರಿಸಿತು, ಕೆಟ್ಟುದನ್ನು ಸರಿಪಡಿಸುವವರಿಲ್ಲವಾಯಿತು. ಹಣವಿದ್ದ ದೇಶದ ಗತಿಯೇ ಹೀಗಾದರೆ ನಮ್ಮ ಪಾಡೇನು?

ನಮ್ಮ ನಾಡಿನಲ್ಲಿ ಇದಕ್ಕಿಂತ ಒಳ್ಳೆಯ ನಿದರ್ಶನವೊಂದಿದೆ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ‘ಸೈಟ್’ ಎಂಬ ಪ್ರಯೋಗವು ಉಪಗ್ರಹದ ಮೂಲಕ 6 ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಕಾರ್ಯಕ್ರಮಗಳನ್ನು ತಲುಪಿಸಿತು. ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳೂ ಅದರಲ್ಲಿ ಸೇರಿದ್ದವು. ಆಗ ಮಕ್ಕಳಿಗೆ ಪಾಠವನ್ನು ತೋರಿಸಿ ಸುಮ್ಮನಾಗಲಿಲ್ಲ. ಪ್ರಾಥಮಿಕ ಶಾಲೆಯ ಉಪಾಧ್ಯಾಯರ ತರಬೇತಿಗೂ ಅದನ್ನೇ ಬಳಸಿದರು. ಪರದೆಯ ಪಾಠದೊಡನೆ ರೇಡಿಯೊ, ಮುದ್ರಿತ ಪಾಠ, ಕೈಯಾರೆ ಮಾಡುವ ಪ್ರಯೋಗ, ಕೂಡಿ ಕುಳಿತು ನಡೆಸುವ ಚರ್ಚೆ ಎಲ್ಲವೂ ಇದ್ದವು. ಐವತ್ತು ವರ್ಷಗಳ ಹಿಂದೆ ಬಲ್ಲವರು ಬಲ್ಲ ಈ ಮಾತನ್ನು ನಾವು ಈಗ ಮರೆಯಬಹುದೆ?

ಇನ್ನು ನೆಲದ ಡೊಂಕಿನ ವಿಚಾರ. ಕನ್ನಡ ಅಧ್ಯಾಪಕರಿಗೆ ಇರುವ ತೊಡಕು ಇತರರಿಗೆ ಇಲ್ಲ. ಹಳೆಯ ಕಾಲದ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಿ ಕೆಲಸ ನಡೆಸುತ್ತಿದ್ದವು. ಆ ಫಾಂಟು ಇಲ್ಲದ ಬೇರೊಂದು ಗಣಕದಲ್ಲಿ ಅದೇ ಬರಹವನ್ನು ತೆರೆದರೆ ಕನ್ನಡವೇ ಕಾಣದು; ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಯೂನಿಕೋಡ್ ಎಂಬ ಸಾರ್ವತ್ರಿಕ ಸಂಕೇತ ವ್ಯವಸ್ಥೆಯು 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ಕೊಟ್ಟಿತಾದರೂ, ಹಳೆಯ ಕ್ರಮದಲ್ಲಿ ಬೆರಳಚ್ಚು ಮಾಡಿದ ಬರಹಗಳು ಇಂದಿಗೂ ಕಪಾಟಿನ ತುಂಬ ಇವೆ. ಹತ್ತು ವರ್ಷ ಕಷ್ಟಪಟ್ಟು ಸಿದ್ಧಪಡಿಸಿದ ಟಿಪ್ಪಣಿಯನ್ನು ತರಗತಿಯ ಗಣಕದಲ್ಲಿ ತೆರೆದು, ನಲವತ್ತು ಜನ ವಿದ್ಯಾರ್ಥಿಗಳ ಮುಂದೆ ಆ ರಾಶಿಯನ್ನು ಕಂಡ ಅಧ್ಯಾಪಕರು ಮರುದಿನ ಸೀಮೆಸುಣ್ಣವನ್ನು ಹಿಡಿದರೆ ಅದು ಸೋಮಾರಿತನವೇ? ಹಳೆಯದನ್ನು ಯೂನಿಕೋಡಿಗೆ ಬದಲಿಸುವ ಸಾಧನಗಳಿವೆ. ಅವು ಎಲ್ಲಿವೆ, ಒತ್ತಕ್ಷರ ಅರ್ಕಾವತ್ತುಗಳು ತಪ್ಪಾದಾಗ ತಿದ್ದುವುದು ಹೇಗೆ ಎಂದು ತೋರಿಸಿಕೊಡುವವರು ಬೇಕು, ಅಷ್ಟೆ.

ಹಳಗನ್ನಡದ ಪಾಠವೆಂದರೆ ಮತ್ತೂ ಒಂದು ಹೆಜ್ಜೆ ಕಷ್ಟ. ಱ, ೞ ಎಂಬ ಎರಡು ಅಕ್ಷರಗಳಿಲ್ಲದೆ ಪಂಪನನ್ನು ಬರೆಯುವುದು ಹೇಗೆ? ಯೂನಿಕೋಡಿನಲ್ಲಿ ಇವೆರಡಕ್ಕೂ ಸ್ಥಾನವಿದೆ. ಆದರೆ ೞ ಅಕ್ಷರಕ್ಕೆ ಆ ಪಟ್ಟಿಯಲ್ಲಿ ‘ಫ’ ಎಂಬ ಹೆಸರು ತಪ್ಪಾಗಿ ಬಿದ್ದು, ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದ ಹಾಗೆಯೇ ಉಳಿದಿದೆ! ಹೆಸರು ನೋಡಿ ಹುಡುಕುವವರಿಗೆ ಅದು ಸಿಕ್ಕುವುದೆಂತು? ಇಂಥ ಸಂಗತಿಗಳನ್ನು ಎಲ್ಲ ವಿಷಯದ ಅಧ್ಯಾಪಕರನ್ನೂ ಒಂದೇ ಸಭಾಂಗಣದಲ್ಲಿ ಕೂರಿಸಿ ಒಂದು ದಿನ ನಡೆಸುವ ತರಬೇತಿಯು ಹೇಳಲಾರದು. ಅಲ್ಲಿ ಗುಂಡಿ ಒತ್ತುವುದನ್ನು ಕಲಿಸಬಹುದು. ಹಳಗನ್ನಡ ಪದ್ಯವೊಂದನ್ನು ಪರದೆಯ ಮೇಲೆ ಹೇಗೆ ಬಿಡಿಸಿ ತೋರಿಸಬೇಕು ಎಂಬುದನ್ನು ಕಲಿಸಲಾಗದು. 2006ರಲ್ಲಿ ಪುಣ್ಯ ಮಿಶ್ರ ಮತ್ತು ಮ್ಯಾಥ್ಯೂ ಕೋಲರ್ ಎಂಬ ವಿದ್ವಾಂಸರು ಈ ಮಾತನ್ನು ವ್ಯವಸ್ಥಿತವಾಗಿ ಹೇಳಿದರು. ವಿಷಯದ ಜ್ಞಾನ, ಬೋಧನೆಯ ಜ್ಞಾನ, ಯಂತ್ರದ ಜ್ಞಾನ ಎಂಬ ಮೂರನ್ನು ಬೇರೆಬೇರೆಯಾಗಿ ಕಲಿತರೆ ಸಾಲದು. ಮೂರೂ ಕೂಡುವೆಡೆಯಲ್ಲಿಯೇ ಒಳ್ಳೆಯ ಪಾಠ ಹುಟ್ಟುತ್ತದೆ ಎಂಬುದು ಅವರ ಮತದ ಸಾರ.

ಆ ಮೂರೂ ಕೂಡಿದರೆ ಆಗುವ ಲಾಭ ಅಲ್ಪವಲ್ಲ. 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಹಲ್ಮಿಡಿ ಶಾಸನದ ಹೆಸರನ್ನು ನಾವೆಲ್ಲ ಪರೀಕ್ಷೆಗೆ ಉರುಹೊಡೆದವರೇ. ಅದರ ಚಿತ್ರವನ್ನು ಗೋಡೆಯಷ್ಟು ದೊಡ್ಡದಾಗಿ ತೋರಿಸಿ, ಒಂದೊಂದೇ ಅಕ್ಷರವನ್ನು ಇಂದಿನ ಅಕ್ಷರದ ಪಕ್ಕದಲ್ಲಿಟ್ಟರೆ ಲಿಪಿಯು ನಡೆದು ಬಂದ ದಾರಿ ಕಣ್ಣಿಗೇ ಕಾಣುತ್ತದೆ. ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ಗಮಕಿಗಳ ಕಂಠದಲ್ಲಿ ಕೇಳಿಸಿದರೆ ಮಾತ್ರಾಗಣವನ್ನು ಬೆರಳು ಮಡಿಸಿ ಎಣಿಸುವ ಮೊದಲೇ ಕಿವಿ ಗುರುತಿಸುತ್ತದೆ. ‘ವಚನ ಸಂಚಯ’ದ ಜಾಲತಾಣದಲ್ಲಿ 20,000ಕ್ಕೂ ಮಿಕ್ಕ ವಚನಗಳಿವೆ, ‘ಕಾಯಕ’ ಎಂಬ ಒಂದು ಶಬ್ದವನ್ನು ಕೊಟ್ಟು, ಯಾವ ಯಾವ ವಚನಕಾರರು ಅದನ್ನು ಯಾವ ಅರ್ಥದಲ್ಲಿ ಬಳಸಿದ್ದಾರೆಂದು ತರಗತಿಯಲ್ಲಿಯೇ ಹುಡುಕಬಹುದು. ಆದರೆ ಹುಡುಕಿದ ಮೇಲೆ ಆ ಅರ್ಥಗಳ ನಡುವಣ ಅಂತರವನ್ನು ತೂಗಿ ಹೇಳತಕ್ಕವರು ಯಾರು? ಅಧ್ಯಾಪಕರೇ. ಕೇಳಿದೊಡನೆ ಪ್ರಬಂಧ ಬರೆದುಕೊಡುವ ಕೃತಕ ಬುದ್ಧಿಮತ್ತೆಯು 2022ರ ಕೊನೆಯಿಂದ ಎಲ್ಲರ ಕೈಗೂ ಸಿಕ್ಕಿರುವಾಗ, ಅದು ಹೆಣೆದ ಕನ್ನಡದಲ್ಲಿ ಎಲ್ಲಿ ಜೀವವಿದೆ, ಎಲ್ಲಿ ಇಲ್ಲ ಎಂದು ಹೇಳಬಲ್ಲವರೂ ಅವರೇ.

ಹಾಗಾದರೆ ಅವರಿಗೆ ಬೇಕಾದುದೇನು? ಮೊದಲನೆಯದಾಗಿ, ಭಾಷಾ ಅಧ್ಯಾಪಕರಿಗೆ ಭಾಷಾ ಅಧ್ಯಾಪಕರೇ ನೀಡುವ ತರಬೇತಿ. ಅದು ಕನ್ನಡದಲ್ಲಿರಬೇಕು, ಅವರವರ ಪಠ್ಯದ ಪಾಠವನ್ನೇ ಮುಂದಿಟ್ಟುಕೊಂಡು, ಒಂದು ದಿನದಲ್ಲಿ ಮುಗಿಸದೆ ಇಡೀ ಸೆಮಿಸ್ಟರಿನ ಉದ್ದಕ್ಕೂ ಸಣ್ಣ ಸಣ್ಣ ಗುಂಪುಗಳಲ್ಲಿ ನಡೆಯಬೇಕು. ಎರಡನೆಯದಾಗಿ, ಸಮಯ. ಒಂದು ಗಂಟೆಯ ಒಳ್ಳೆಯ ದೃಶ್ಯಪಾಠಕ್ಕೆ ಅನೇಕ ಗಂಟೆಗಳ ಸಿದ್ಧತೆ ಬೇಕು. ಅದನ್ನು ಕೆಲಸವೆಂದು ಲೆಕ್ಕಕ್ಕೆ ಹಿಡಿಯಬೇಕು. ಮೂರನೆಯದಾಗಿ, ತಂತಿ ಸಡಿಲವಾದರೆ, ದೀಪ ಕೆಟ್ಟರೆ ಅದೇ ದಿನ ಬಂದು ನೋಡುವ ಒಬ್ಬ ಸಹಾಯಕ.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುತ್ತದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯು ಯಂತ್ರದ ನೆರವಿನ ಪಾಠಗಳನ್ನು ಸಿದ್ಧಪಡಿಸಿದವರಿಗೆ ಅಂಕಗಳನ್ನು ಗೊತ್ತುಮಾಡಿದೆ. ಬಡ್ತಿಯ ದಾರಿಯಲ್ಲಿರುವ ಖಾಯಂ ಅಧ್ಯಾಪಕರಿಗೆ ಇದು ಒಳ್ಳೆಯದೇ. ಆದರೆ ನಮ್ಮ ರಾಜ್ಯದ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳು ನಡೆಯುತ್ತಿರುವುದು ಸಾವಿರಾರು ಅತಿಥಿ ಉಪನ್ಯಾಸಕರ ಬಲದಿಂದಲೂ ಹೌದಷ್ಟೆ? ಮುಂದಿನ ವರ್ಷ ಇರುತ್ತೇವೆಯೋ ಇಲ್ಲವೋ ಎಂಬ ಅನಿಶ್ಚಯದಲ್ಲಿರುವವರಿಗೆ ಯಾವ ಬಡ್ತಿ, ಯಾವ ಅಂಕ? ತರಬೇತಿಗೆ ಕಳುಹಿಸುವಾಗ ಅವರ ಹೆಸರನ್ನು ಪಟ್ಟಿಯ ಕೊನೆಗೆ ಇಡದಿರುವುದು ಕೇವಲ ಔದಾರ್ಯವಲ್ಲ, ನ್ಯಾಯ.

ಇದರಲ್ಲಿ ನಮಗೇನು ಎಂದು ಕೆಲವು ಮಿತ್ರರು ಕೇಳಬಹುದು. ನನ್ನಂತೆ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು ಈ ಕಾಲೇಜಿನಲ್ಲಿ ಅನೇಕರಿದ್ದಾರೆ. ನಮ್ಮ ಮನೆಗಳಲ್ಲಿ ಪುಸ್ತಕದ ಕಪಾಟಿಲ್ಲ. ಸಂದೇಹ ಬಂದರೆ ಕೇಳಲು ಓದಿದ ಅಣ್ಣನಿಲ್ಲ. ನನ್ನ ತಾಯಿ ಹೆಬ್ಬೆಟ್ಟು ಒತ್ತುವವರು. ಪಟ್ಟಣದ ಸ್ಥಿತಿವಂತರ ಮಕ್ಕಳಿಗೆ ತರಗತಿ ಕೆಟ್ಟರೆ ಬೇರೆ ನೂರು ದಾರಿಗಳಿವೆ. ನಮಗೆ ಭಾಷೆ ಮತ್ತು ಸಾಹಿತ್ಯಕ್ಕೆ ಇರುವ ಬಾಗಿಲು ಆ ಒಂದು ಗಂಟೆಯ ಪಾಠವೊಂದೇ. ಬರಹವನ್ನು ಹುಡುಕುವುದು, ತಿದ್ದುವುದು, ನಾಲ್ಕು ಜನರ ಮುಂದೆ ಇಡುವುದು ಮುಂದೆ ಯಾವ ಉದ್ಯೋಗಕ್ಕೆ ಹೋದರೂ ಬೇಕಾದ ವಿದ್ಯೆ. ಅದನ್ನು ಕನ್ನಡದಲ್ಲಿ ಕಲಿಯದಿದ್ದರೆ ಯಂತ್ರವೆಂದರೆ ಇಂಗ್ಲಿಷ್, ಕನ್ನಡವೆಂದರೆ ಹಳತು ಎಂಬ ಭಾವನೆ ನಮ್ಮಲ್ಲಿ ಬೇರೂರೀತು.

ಧ್ವನಿಯೊಂದಿದ್ದರೆ ಸಾಕು, ಯಂತ್ರವೇಕೆ ಎನ್ನುವ ಹಿರಿಯ ಗುರುಗಳ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅವರು ಕಣ್ಣು ಮುಚ್ಚಿ ರಗಳೆ ಹೇಳುವಾಗ ಯಾವ ಪರದೆಯೂ ಬೇಕಾಗದು. ಆದರೆ ಬೇಡವೆನ್ನುವ ಸ್ವಾತಂತ್ರ್ಯವು ಬಲ್ಲವರಿಗೆ ಇರಬೇಕಾದುದು. ತಿಳಿಸಿಕೊಡುವವರಿಲ್ಲದೆ ಬೇಡವೆನ್ನುವಂತಾಗುವುದು ಸ್ವಾತಂತ್ರ್ಯವಲ್ಲ.

ಸರಕಾರವು ಮಾಡಬೇಕಾದುದನ್ನು ಸರಕಾರ ಮಾಡಲಿ. ಅಷ್ಟರಲ್ಲಿ ನಮ್ಮ ಕೈಲಾದುದೊಂದಿದೆ. ನಮ್ಮ ಬೆರಳುಗಳು ಮೊಬೈಲಿನ ಮೇಲೆ ಚುರುಕಾಗಿವೆ. ಆದರೆ ಕೀಲಿಮಣೆ ಬಲ್ಲವರೆಲ್ಲ ಕಾವ್ಯ ಬಲ್ಲವರಲ್ಲ. ಪ್ರತಿ ಶನಿವಾರ ಮಧ್ಯಾಹ್ನ ಒಂದು ಗಂಟೆ ಕನ್ನಡ ಸಂಘದ ಆಶ್ರಯದಲ್ಲಿ ವಿದ್ಯಾರ್ಥಿಗಳೂ ಅಧ್ಯಾಪಕರೂ ಕೂಡಿ ಕುಳಿತು, ಹಳೆಯ ಟಿಪ್ಪಣಿಗಳನ್ನು ಯೂನಿಕೋಡಿಗೆ ತರುವ ಕೆಲಸವನ್ನು ಆರಂಭಿಸಬಾರದೇಕೆ? ೞ ಅಕ್ಷರದ ಕೀಲಿ ಎಲ್ಲಿದೆಯೆಂದು ನಾವು ತೋರಿಸೋಣ. ಆ ಅಕ್ಷರ ಯಾವ ಶಬ್ದದಲ್ಲಿ ಏಕೆ ಬರುತ್ತದೆಂದು ಅವರು ತಿಳಿಸಲಿ. ಇದರಿಂದ ಗುರುಗಳ ಗೌರವಕ್ಕೆ ಕುಂದಿಲ್ಲ, ನಮಗೂ ಸಣ್ಣತನವಿಲ್ಲ. ನಾನು ಈ ವರ್ಷ ಕಾಲೇಜನ್ನು ಬಿಟ್ಟು ಹೋಗುವವಳು. ಮಾನ್ಯ ಪ್ರಾಂಶುಪಾಲರೂ ಕನ್ನಡ ಸಂಘದ ಪದಾಧಿಕಾರಿಗಳೂ ಈ ಸಲಹೆಯನ್ನು ಪರಿಶೀಲಿಸಿ, ಬರುವ ಜೂನಿನಲ್ಲಿ ಸೇರುವ ತಂಗಿ ತಮ್ಮಂದಿರಿಗೆ ಇದರ ಪ್ರಯೋಜನ ದೊರೆಯುವಂತೆ ಮಾಡಬೇಕೆಂದು ವಿನಯಪೂರ್ವಕ ಪ್ರಾರ್ಥಿಸುತ್ತೇನೆ.