ಪಥ್ಯವೂ ಮಾತ್ರೆಯೂ

ಪಿರಿಯಾಪಟ್ಟಣದ ಸೀಮೆಯ ಒಬ್ಬ ಗೃಹಿಣಿಯು ನಮಗೆ ಕಾಗದ ಬರೆದಿರುವರು. ಅವರ ಯಜಮಾನರಿಗೆ ವಯಸ್ಸು 52, ಹೊಗೆಸೊಪ್ಪಿನ ಬೇಸಾಯ, ಸಕ್ಕರೆ ಕಾಯಿಲೆ ಸೇರಿ ನಾಲ್ಕು ವರ್ಷವಾಯಿತು. ಯಜಮಾನರ ಅಣ್ಣ 49ನೆಯ ವಯಸ್ಸಿನಲ್ಲಿ ಎದೆನೋವೆಂದು ಕುಳಿತವರು ಮತ್ತೆ ಏಳಲಿಲ್ಲ. ಹೋದ ವರ್ಷ ರಕ್ತವನ್ನು ಪರೀಕ್ಷೆ ಮಾಡಿಸಿದಾಗ ಎಲ್‌ಡಿಎಲ್ ಎಂಬ ಕೊಲೆಸ್ಟ್ರಾಲು 178 ಎಂದು ಬಂದಿತು. ವೈದ್ಯರು ದಿನಕ್ಕೊಂದು ಮಾತ್ರೆಯನ್ನು ಬರೆದುಕೊಟ್ಟು, ಆಹಾರದಲ್ಲಿ ಹಿಡಿತವಿರಲೆಂದರು. ಮೂರು ತಿಂಗಳಲ್ಲಿ ಅದು 96ಕ್ಕೆ ಇಳಿಯಿತು. ಆ ಕಾಗದವನ್ನು ನೋಡಿದ ಯಜಮಾನರು "ವಾಸಿಯಾಯಿತಲ್ಲ, ಇನ್ನೇಕೆ?" ಎಂದು ಮಾತ್ರೆಯನ್ನು ಬಿಟ್ಟುಬಿಟ್ಟಿದ್ದಾರೆ. "ಮೇಷ್ಟರು ಒಂದು ಮಾತು ಬರೆದರೆ ಓದಿಯಾರು" ಎಂಬುದು ಆ ತಾಯಿಯ ಕೋರಿಕೆ.

ನಾವು ವೈದ್ಯರಲ್ಲ. ಆದರೆ ಇದೇ ಜಾತಿಯ ಮಾತ್ರೆಯನ್ನು ಆರು ವರ್ಷದಿಂದ ನುಂಗುತ್ತಿರುವವರು; ನುಂಗುವುದೇನೆಂಬುದನ್ನು ತಿಳಿಯದೆ ನುಂಗುವ ಅಭ್ಯಾಸವಿಲ್ಲದ್ದರಿಂದ ಓದಿಯೂ ಕೇಳಿಯೂ ಇಷ್ಟುಮಟ್ಟಿಗೆ ತಿಳಿದುಕೊಂಡಿದ್ದೇವೆ. ಈ ಪ್ರಶ್ನೆ ಆ ಒಂದು ಮನೆಯದಲ್ಲ. ಹುಣಸೂರು, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಲ್ಲಿ ನಮ್ಮ ಹಳೆಯ ಶಿಷ್ಯರ ಮನೆಗಳಿಗೆ ಹೋದಾಗಲೆಲ್ಲ ಗೋಡೆಯ ಗೂಡಿನಲ್ಲಿ ಅರ್ಧ ಉಳಿದ ಮಾತ್ರೆಯ ಪಟ್ಟಿಯೊಂದು ಧೂಳು ಹಿಡಿದಿರುವುದನ್ನು ಕಾಣುತ್ತಲೇ ಇದ್ದೇವೆ.

2025ರ ಬೇಸಗೆಯ ಕೊನೆಯಲ್ಲಿ ನೆರೆಯ ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳೊಳಗೆ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂದು ಸುದ್ದಿ ಹಬ್ಬಿತಷ್ಟೆ. ಅವರಲ್ಲಿ ಎಳೆಯ ಪ್ರಾಯದವರೂ ಇದ್ದರು. ನಮ್ಮ ಕೃಷ್ಣರಾಜನಗರ, ಪಿರಿಯಾಪಟ್ಟಣಗಳು ಆ ಜಿಲ್ಲೆಗೆ ತಾಗಿಕೊಂಡೇ ಇರುವ ಸೀಮೆಗಳು. ಕೊಟ್ಟು ತಂದ ಸಂಬಂಧಗಳು ಬೇರೆ. ಜುಲೈ ತಿಂಗಳಲ್ಲಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವಕ್ಕೇ ಸಾವಿರಾರು ಜನ ಸಾಲುಗಟ್ಟಿದರು. ಸರ್ಕಾರವು ನೇಮಿಸಿದ ತಜ್ಞರ ಸಮಿತಿಯು ವಿಚಾರಿಸಿ, ಹಿಂದಿನ ವರ್ಷಕ್ಕೆ ಹೋಲಿಸಿದರೆ ಅಸಹಜವಾದ ಏರಿಕೆಯೇನೂ ಕಾಣದೆಂದೂ, ಪರಿಶೀಲಿಸಿದ 24 ಮರಣಗಳಲ್ಲಿ 4 ಬೇರೆ ಕಾರಣಗಳವೆಂದೂ ತಿಳಿಸಿತು. ಉಳಿದವರಲ್ಲಿ ಅನೇಕರಿಗೆ ಸಕ್ಕರೆ, ರಕ್ತದೊತ್ತಡ, ಧೂಮಪಾನ ಮುಂತಾದ ಪರಿಚಿತ ಕಾರಣಗಳೇ ಇದ್ದುವು. ಸಾಲು ಕರಗಿತು, ಭಯವೂ ಕರಗಿತು. ಭಯದಿಂದ ಹುಟ್ಟಿದ ಪಥ್ಯಕ್ಕೆ ಆಯುಸ್ಸು ಕಡಿಮೆ. ಕೊಲೆಸ್ಟ್ರಾಲಾದರೋ ನೋಯದು, ಕೆಮ್ಮಿಸದು, ಜ್ವರ ಬರಿಸದು. ಹತ್ತಾರು ವರ್ಷ ಸದ್ದಿಲ್ಲದೆ ರಕ್ತನಾಳದ ಒಳಗೋಡೆಯಲ್ಲಿ ಸೇರಿಕೊಳ್ಳುತ್ತ ಹೋಗುವುದು. ಇಂಥದರೊಡನೆ ಹೆಣಗಲು ಭಯಕ್ಕಿಂತ ತಿಳಿವಳಿಕೆಯೇ ಮೇಲು.

ಮೊದಲು ಹೆಸರಿನ ಮಾತು. ಮೇಷ್ಟರ ಚಾಪಲ್ಯವೆಂದು ಓದುಗರು ಕ್ಷಮಿಸಬೇಕು. 1815ರ ಸುಮಾರಿನಲ್ಲಿ ಫ್ರಾನ್ಸಿನ ರಸಾಯನಜ್ಞನಾದ ಶೆವ್ರಲ್ ಎಂಬಾತನು ಪಿತ್ತಕೋಶದ ಕಲ್ಲಿನಲ್ಲಿ ದೊರೆಯುವ ಮೇಣದಂಥ ವಸ್ತುವಿಗೆ ಗ್ರೀಕ್ ಭಾಷೆಯ ಎರಡು ಪದಗಳನ್ನು ಕೂಡಿಸಿ ಹೆಸರಿಟ್ಟನು. ಒಂದಕ್ಕೆ ಪಿತ್ತವೆಂದೂ, ಇನ್ನೊಂದಕ್ಕೆ ಘನವಾದುದೆಂದೂ ಅರ್ಥ. ನಮ್ಮವರು ಇದನ್ನು "ಕೊಬ್ಬು" ಎಂದು ಕರೆದುಬಿಟ್ಟದ್ದರಿಂದ ಎರಡು ಅನರ್ಥಗಳಾಗಿವೆ. ಕನ್ನಡದಲ್ಲಿ ಕೊಬ್ಬೆಂದರೆ ಸೊಕ್ಕು ಎಂದೂ ಅರ್ಥವುಂಟಲ್ಲವೆ? ಆದಕಾರಣ "ನಿನಗೆ ಕೊಬ್ಬು ಜಾಸ್ತಿಯಾಗಿದೆ" ಎಂದರೆ ಮನೆಯಲ್ಲಿ ನಗೆಯಾಗುವುದು, ರೋಗಿಗೆ ನಾಚಿಕೆಯಾಗುವುದು, ಪರೀಕ್ಷೆಯ ಕಾಗದವು ಪೆಟ್ಟಿಗೆಯ ತಳಕ್ಕೆ ಹೋಗುವುದು. ಎರಡನೆಯದು ಇನ್ನೂ ಅಪಾಯದ್ದು. ಮೈಯಲ್ಲಿ ಕೊಬ್ಬಿಲ್ಲದ ಕೃಶಶರೀರದವನು, ದಿನವೆಲ್ಲ ಗೆಯ್ಯುವವನು, ತನಗೆ ಇದು ಬಾರದೆಂದು ನಂಬುವನು. ಚರಕಸಂಹಿತೆಯು ಅತಿಸ್ಥೂಲನನ್ನು ನಿಂದಿತರ ಗುಂಪಿಗೆ ಸೇರಿಸಿದ್ದು ನಿಜವೆ. ಅಲ್ಲಿಯೇ ಅತಿಕೃಶನೂ ನಿಂದಿತನೆಂಬುದನ್ನು ಮರೆಯುತ್ತೇವೆ. ಅಲ್ಲಿ ಹೇಳಿದ ಮೇದಸ್ಸೂ ರಕ್ತದಲ್ಲಿ ತೇಲುವ ಈ ಕೊಲೆಸ್ಟ್ರಾಲೂ ಒಂದೇ ಎಂದು ಸಾಧಿಸಹೊರಡುವವರ ಮಾತು ನಮಗೆ ಒಪ್ಪಿಗೆಯಿಲ್ಲ. ಪ್ರಾಚೀನರಿಗೆ ಗೌರವ ಸಲ್ಲಿಸುವ ಕ್ರಮ ಅದಲ್ಲ.

ಕೃಶತೆಯೇ ರಕ್ಷೆಯಲ್ಲವೆಂಬುದಕ್ಕೆ ಮೈಸೂರಿನಲ್ಲಿಯೇ ಒಂದು ನಿದರ್ಶನವುಂಟು. ನಮ್ಮ ಜನ ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಕೂಸುಗಳ ತೂಕವನ್ನು ಬರೆದಿಟ್ಟ ಪುಸ್ತಕಗಳಿದ್ದುವು. 1934ರಿಂದ 1954ರೊಳಗೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಪ್ರೌಢವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿ, 1996ರಲ್ಲಿ ಫಲವನ್ನು ಪ್ರಕಟಿಸಿದರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಕಂಡಿತು, 3.1 ಕಿಲೋಗಿಂತ ಹೆಚ್ಚು ತೂಗಿದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ಅದು ಹೃದ್ರೋಗದ ಲೆಕ್ಕವೇ ಹೊರತು ಕೊಲೆಸ್ಟ್ರಾಲಿನದಲ್ಲ. ಆದರೂ ಸಣ್ಣಗೆ ಹುಟ್ಟಿ, ಸಣ್ಣಗೇ ಬೆಳೆದ ನಮ್ಮ ಜನ ದಪ್ಪಗಿರುವವರನ್ನು ನೋಡಿ ಸಮಾಧಾನ ಪಡುವಂತಿಲ್ಲವೆಂಬುದು ಅದರಿಂದ ತಿಳಿಯುವುದು.

ಇನ್ನು ಆಹಾರದ ವಿಚಾರ. ರಾಗಿಮುದ್ದೆ, ಹುರುಳಿಕಟ್ಟಿನ ಸಾರು, ಸೊಪ್ಪಿನ ಬಸ್ಸಾರು, ಅವರೆಕಾಳು: ನಮ್ಮ ನಾಲ್ಕು ತಾಲ್ಲೂಕುಗಳ ಅಡಿಗೆಮನೆಗೆ ಪಥ್ಯವನ್ನು ಹೊರಗಿನಿಂದ ತರಬೇಕಾದುದಿಲ್ಲ. ಕಾಳು ಸೊಪ್ಪುಗಳಲ್ಲಿರುವ ನಾರು ಕರುಳಿನಲ್ಲಿ ಪಿತ್ತರಸವನ್ನು ಹಿಡಿದುಕೊಂಡು ಹೊರಗೆ ಹೋಗುವುದು. ಹೊಸ ಪಿತ್ತರಸವನ್ನು ಮಾಡಲು ಯಕೃತ್ತು ರಕ್ತದಲ್ಲಿರುವ ಕೊಲೆಸ್ಟ್ರಾಲನ್ನು ಬಳಸಿಕೊಳ್ಳಬೇಕಾಗುವುದು. ಆದರೆ ಮುದ್ದೆ ಉಣ್ಣುವವರಿಗೆ ಈ ಬಾಧೆಯೇ ಇಲ್ಲವೆಂಬ ಹೆಮ್ಮೆ ಸಲ್ಲದು. ಮುದ್ದೆಯ ಪಕ್ಕದಲ್ಲಿ ಏನಿದೆಯೆಂಬುದನ್ನೂ ನೋಡಬೇಕು. ಹಬ್ಬಕ್ಕೊಮ್ಮೆ ಆಗುತ್ತಿದ್ದ ಬಾಡೂಟ ಈಗ ವಾರಕ್ಕೆರಡು ಸಲವಾಗಿರುವ ಮನೆಗಳುಂಟು. ಬೋಟಿ, ತಲೆಮಾಂಸ, ಹಂದಿಯ ನೆಣ ಇವುಗಳ ರುಚಿಯನ್ನು ನಾವು ಅಲ್ಲಗಳೆಯೆವು, ಲೆಕ್ಕವನ್ನು ಮಾತ್ರ ಕೇಳುತ್ತೇವೆ. ಕಾವೇರಿಯ ನಾಲೆಯ ನೀರುಂಡ ಕೃಷ್ಣರಾಜನಗರದ ಕಡೆ ಮೂರು ಹೊತ್ತೂ ಅನ್ನ. ಮೇಲೆ ಬೆಲ್ಲದ ಕಾಫಿ. ಹೆಚ್ಚಾದ ಅನ್ನ ಸಕ್ಕರೆಗಳು ಟ್ರೈಗ್ಲಿಸರೈಡ್ ಎಂಬ ಇನ್ನೊಂದು ಮೇದಸ್ಸನ್ನು ಏರಿಸುವುವು. ನಮ್ಮ ದೇಶದವರಲ್ಲಿ ಅದು ಏರಿರುವುದೂ, ಒಳ್ಳೆಯದೆನಿಸಿದ ಎಚ್‌ಡಿಎಲ್ ತಗ್ಗಿರುವುದೂ ಸಾಮಾನ್ಯ.

ಎಣ್ಣೆಯ ವಿಚಾರದಲ್ಲಿ ಜಗಳವೇ ಹೆಚ್ಚು. ತುಪ್ಪದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವೂ, ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೆ 90ರಷ್ಟೂ, ಕಡಲೆಕಾಯಿ ಎಣ್ಣೆಯಲ್ಲಿ ಐದನೆಯ ಒಂದು ಪಾಲಿನಷ್ಟೂ ಎಲ್‌ಡಿಎಲನ್ನು ಏರಿಸುವ ಬಗೆಯ ಕೊಬ್ಬಿರುವುದು. ಅನ್ನದ ಮೇಲೆ ಒಂದು ಮಿಳ್ಳೆ ತುಪ್ಪ ಬಿದ್ದರೆ ಪ್ರಳಯವಾಗದು. ಅದೇ ಮಿಳ್ಳೆ ದೋಸೆಗೂ ಪಲ್ಯಕ್ಕೂ ಪಾಯಸಕ್ಕೂ ಓಡಾಡಿದರೆ ಆಗುವುದು. ವನಸ್ಪತಿಯಲ್ಲಿ ಹೇರಳವಾಗಿದ್ದ ಟ್ರಾನ್ಸ್ ಕೊಬ್ಬು ಎಲ್ಲಕ್ಕಿಂತ ಕೆಟ್ಟದ್ದು. 2022ರ ಜನವರಿಯಿಂದ ನಮ್ಮ ದೇಶದಲ್ಲಿ ಅದರ ಮಿತಿ ನೂರಕ್ಕೆ 2 ಎಂದು ಕಾನೂನಾಗಿದೆ. ಕಾನೂನು ಡಬ್ಬಿಯೊಳಗಣ ಎಣ್ಣೆಗೆ ಅನ್ವಯಿಸೀತು. ಬಸ್ ನಿಲ್ದಾಣದ ಬಾಣಲೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕುದಿದು ಕಪ್ಪಾದ ಎಣ್ಣೆಯ ಬಳಿ ನಿಂತು ಕಾಯುವವರು ಯಾರು?

ಹೊಗೆಸೊಪ್ಪಿನ ಮಾತನ್ನು ಈ ಸೀಮೆಯಲ್ಲಿ ಎತ್ತುವುದು ಸಂಕೋಚದ ಕೆಲಸ. ಹುಣಸೂರು ಪಿರಿಯಾಪಟ್ಟಣಗಳಲ್ಲಿ ಮಕ್ಕಳ ಶಾಲೆಯ ಹಣವೂ ಮದುವೆಯ ಸಾಲವೂ ಬ್ಯಾರನ್ನಿನ ಬೆಂಕಿಯಿಂದಲೂ ಹರಾಜಿನ ಕಟ್ಟೆಯಿಂದಲೂ ತೀರಬೇಕು. ಬೆಳೆಯುವವರನ್ನು ದೂರಲು ನಮಗೆ ಮನಸ್ಸಿಲ್ಲ. ಸೇದುವುದು ಬೇರೆ. ಬೀಡಿ ಸಿಗರೇಟುಗಳ ಹೊಗೆಯು ರಕ್ತನಾಳದ ನಯವಾದ ಒಳಪೊರೆಯನ್ನು ಕೆಡಿಸಿ, ಕೊಲೆಸ್ಟ್ರಾಲು ಒಳಹೊಗಲು ದಾರಿ ಮಾಡುವುದು, ಎಚ್‌ಡಿಎಲನ್ನೂ ತಗ್ಗಿಸುವುದು. ಹದ ಮಾಡಿದ ಸೊಪ್ಪನ್ನು ಮಾರಿಬಿಟ್ಟು, ಅದನ್ನೇ ಸುರುಳಿ ಮಾಡಿಸಿ ಹತ್ತರಷ್ಟು ಬೆಲೆಗೆ ಮರಳಿ ಕೊಳ್ಳುವುದು ಬೇಸಾಯದ ಲೆಕ್ಕದಲ್ಲಿಯೂ ನಷ್ಟವೆ. ನಡಿಗೆಯ ವಿಚಾರವನ್ನು ವಿಸ್ತರಿಸುವುದಿಲ್ಲ. ಹೊಲಕ್ಕೆ ಹೋಗುವುದಕ್ಕೂ ಮೋಟಾರ್ ಸೈಕಲ್ಲು ಬಂದಮೇಲೆ ರೈತನಿಗೂ ಅದನ್ನು ಹೇಳಬೇಕಾಗಿದೆ.

ಇಷ್ಟೆಲ್ಲವನ್ನು ಮಾಡಿದರೂ ಪಥ್ಯವೊಂದರಿಂದಲೇ ಎಲ್‌ಡಿಎಲ್ ಸಾಮಾನ್ಯವಾಗಿ ನೂರಕ್ಕೆ ಹತ್ತು ಹದಿನೈದು ಪಾಲು ಇಳಿಯುವುದು. ಏಕೆಂದರೆ ಶರೀರದ ಕೊಲೆಸ್ಟ್ರಾಲಿನಲ್ಲಿ ಬಹುಭಾಗವನ್ನು ಶರೀರವೇ ತಯಾರಿಸುವುದು. ತಟ್ಟೆಯಿಂದ ಬರುವುದು ಸ್ವಲ್ಪ. ಸಕ್ಕರೆ, ರಕ್ತದೊತ್ತಡ ಯಾವುದೂ ಇಲ್ಲದೆ ಎಲ್‌ಡಿಎಲ್ ಸ್ವಲ್ಪವೇ ಏರಿರುವ ಎಳೆಯ ವಯಸ್ಸಿನವನಿಗೆ ಕೆಲವು ತಿಂಗಳ ಪಥ್ಯವೇ ಸಾಕಾಗಬಹುದು. ಒಮ್ಮೆ ಹೃದಯಾಘಾತವಾದವನಿಗೂ, 40 ದಾಟಿದ ಸಕ್ಕರೆ ರೋಗಿಗೂ, ವಂಶಪಾರಂಪರ್ಯವಾಗಿ 190ರ ಮೇಲೆ ಇರುವವನಿಗೂ ಅದು ಸಾಲದು.

ಮಾತ್ರೆಯ ಕಥೆಯು ಒಂದು ಅಕ್ಕಿಯ ಅಂಗಡಿಯಲ್ಲಿ ಮೊದಲಾಗುವುದು. ಜಪಾನಿನ ಅಕಿರಾ ಎಂಡೊ ಎಂಬವರು ಸಾವಿರಾರು ಬೂಷ್ಟುಗಳನ್ನು ಶೋಧಿಸಿ, 1973ರಲ್ಲಿ, ಕ್ಯೋಟೋ ನಗರದ ಧಾನ್ಯದಂಗಡಿಯೊಂದರ ಅಕ್ಕಿಯ ಮೇಲಿನ ನೀಲಿ ಹಸಿರು ಬೂಷ್ಟಿನಲ್ಲಿ, ಯಕೃತ್ತು ಕೊಲೆಸ್ಟ್ರಾಲನ್ನು ತಯಾರಿಸದಂತೆ ತಡೆಯುವ ಪದಾರ್ಥವನ್ನು ಕಂಡರು. ಅದೇ ವರ್ಗದ ಮೊದಲ ಔಷಧ 1987ರಲ್ಲಿ ಮಾರಾಟಕ್ಕೆ ಬಂದಿತು. ಸ್ಟ್ಯಾಟಿನ್ ಎಂಬುದು ಈ ವರ್ಗದ ಹೆಸರು. ನಮ್ಮ ಔಷಧದಂಗಡಿಗಳಲ್ಲಿ ದೊರೆಯುವ ಅಟೋರ್ವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್‌ಗಳು ಇದರವೇ. ಯಕೃತ್ತಿನಲ್ಲಿ ತಯಾರಿಕೆ ತಗ್ಗಿದಾಗ ಅದು ತನಗೆ ಬೇಕಾದುದನ್ನು ರಕ್ತದಿಂದ ಸೆಳೆದುಕೊಳ್ಳುವುದು. ಹೀಗೆ ರಕ್ತದಲ್ಲಿ ಎಲ್‌ಡಿಎಲ್ ಇಳಿಯುವುದು. ಮಾತ್ರೆ ನಿಂತರೆ ತಡೆ ನಿಲ್ಲುವುದು. ಕೆಲವು ವಾರಗಳಲ್ಲಿಯೇ ಅಂಕಿ ಮೊದಲಿನ ಸ್ಥಾನಕ್ಕೆ ಏರುವುದು. ಆದುದರಿಂದ 96 ಎಂಬುದು ರೋಗ ಗುಣವಾದುದರ ಗುರುತಲ್ಲ, ಮಾತ್ರೆ ಕೆಲಸ ಮಾಡುತ್ತಿರುವುದರ ಗುರುತು. ಕೊಡೆ ಹಿಡಿದು ನಡೆದವನು "ನಾನು ನೆನೆದಿಲ್ಲ, ಮಳೆ ನಿಂತಿರಬೇಕು" ಎಂದು ಕೊಡೆಯನ್ನು ಮಡಿಸಿದಂತಾಯಿತು ಆ ಯಜಮಾನರ ವಿಚಾರ.

ಅಂಕಿ ಇಳಿದರೆ ಆಯುಸ್ಸು ಉಳಿಯುವುದೆ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. 1994ರಲ್ಲಿ ಪ್ರಕಟವಾದ ಉತ್ತರ ಯೂರೋಪಿನ ಪರೀಕ್ಷೆಯೊಂದರಲ್ಲಿ 4444 ಮಂದಿ ಹೃದ್ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಸಿಂವಾಸ್ಟ್ಯಾಟಿನ್, ಇನ್ನೊಂದಕ್ಕೆ ಬರಿಯ ಹುಸಿ ಮಾತ್ರೆ ಕೊಟ್ಟು ಐದು ವರ್ಷಕ್ಕೂ ಮೇಲ್ಪಟ್ಟು ನೋಡಿದರು. ಹುಸಿ ಮಾತ್ರೆಯವರಲ್ಲಿ 256 ಮಂದಿ ಸತ್ತರು, ಔಷಧದವರಲ್ಲಿ 182.

ಭಯದ ಮಾತೂ ಉಂಟು. "ಈ ಮಾತ್ರೆ ಮೈಕೈ ನೋವು ತರುವುದು, ಲಿವರ್ ಕೆಡಿಸುವುದು" ಎಂದು ಫೋನಿನಲ್ಲಿ ಓಡಾಡುವ ಬರೆಹಗಳು ನಮಗೂ ಬರುತ್ತವೆ. ಜೊತೆಯಲ್ಲಿಯೇ ಬೆಳ್ಳುಳ್ಳಿ ನಿಂಬೆಯ ಕಷಾಯದ ಸ್ತೋತ್ರವೂ ಬರುವುದು. ನೋವು ಕೆಲವರಿಗೆ ನಿಜವಾಗಿಯೂ ಉಂಟಾಗುವುದು. ಸಕ್ಕರೆ ಕೊಂಚ ಏರುವುದೂ ಉಂಟು. ಯಕೃತ್ತಿಗೆ ಗಂಭೀರವಾದ ಕೆಡುಕು ಬಹು ವಿರಳ. ಇಂಥ ತೊಂದರೆಗಳಿಂದ ಮಾತ್ರೆ ಬಿಟ್ಟಿದ್ದ 60 ಮಂದಿಗೆ ಇಂಗ್ಲೆಂಡಿನಲ್ಲಿ ತಿಂಗಳು ತಿಂಗಳು ಬದಲಾಯಿಸಿ ಸ್ಟ್ಯಾಟಿನ್, ಹುಸಿ ಮಾತ್ರೆ, ಅಥವಾ ಏನೂ ಇಲ್ಲ ಎಂಬಂತೆ ಕೊಟ್ಟು ನೋಡಿ, 2020ರಲ್ಲಿ ಪ್ರಕಟಿಸಿದರು: ಸ್ಟ್ಯಾಟಿನ್‌ನಿಂದಾದ ತೊಂದರೆಯಲ್ಲಿ ನೂರಕ್ಕೆ 90 ಪಾಲು ಹುಸಿ ಮಾತ್ರೆಯಿಂದಲೂ ಆಗಿತ್ತು. ಅವರ ನೋವು ಸುಳ್ಳಲ್ಲ. ಬಂದ ದಾರಿ ಮಾತ್ರ ಬೇರೆ. ತೊಂದರೆಯಾದರೆ ವೈದ್ಯರು ಪ್ರಮಾಣವನ್ನು ತಗ್ಗಿಸಿಯಾರು, ಬೇರೆ ಸ್ಟ್ಯಾಟಿನ್ ಕೊಟ್ಟಾರು, ಕರುಳಿನಲ್ಲಿ ಕೆಲಸ ಮಾಡುವ ಎಜೆಟಿಮೈಬ್ ಎಂಬುದನ್ನು ಸೇರಿಸಿಯಾರು. ತಾನಾಗಿಯೇ ನಿಲ್ಲಿಸಿ ಸುಮ್ಮನಿರುವುದು ಮಾತ್ರ ಬೇಡ. ಮೈಯ ಮಾಂಸಖಂಡಗಳು ವಿಪರೀತ ನೊಂದು ಮೂತ್ರ ಕಡುಗಪ್ಪಾದರೆ ಕೂಡಲೆ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರೂ, ಗರ್ಭವನ್ನು ನಿರೀಕ್ಷಿಸುವವರೂ ಮೊದಲೇ ವೈದ್ಯರಿಗೆ ತಿಳಿಸಬೇಕು. ಕಷಾಯವನ್ನು ಕುಡಿಯುವವರು ಕುಡಿಯಲಿ, ಮಾತ್ರೆಯ ಬದಲಿಗೆ ಮಾತ್ರ ಬೇಡ. ಇಂದು ಈ ಮಾತ್ರೆಗಳು ಜನೌಷಧಿಯ ಅಂಗಡಿಗಳಲ್ಲಿ ಅಗ್ಗವಾಗಿಯೇ ಸಿಗುತ್ತವೆ. ಬೆಲೆಯ ನೆವವೂ ಬಹಳಮಟ್ಟಿಗೆ ಉಳಿದಿಲ್ಲ.

ಆ ತಾಯಿಗೆ ನಮ್ಮ ಉತ್ತರವಿಷ್ಟು. ಯಜಮಾನರು ಸಕ್ಕರೆ ರೋಗಿಗಳು. ಒಡಹುಟ್ಟಿದವರು 55 ತುಂಬುವ ಮೊದಲೇ ಎದೆನೋವಿನಿಂದ ಹೋದವರು. ಮಾತ್ರೆ ಕೊಟ್ಟದ್ದು 178 ಎಂಬ ಅಂಕಿಯೊಂದಕ್ಕಲ್ಲ, ಈ ಎರಡಕ್ಕೂ ಸೇರಿಸಿ. ಅಂಕಿ ಇಳಿದರೂ ಇವೆರಡು ಇಳಿಯಲಿಲ್ಲ. ಎರಡು ಪರೀಕ್ಷೆಯ ಕಾಗದಗಳನ್ನೂ ಹಿಡಿದುಕೊಂಡು ಅದೇ ವೈದ್ಯರಲ್ಲಿಗೆ ಹೋಗಿ, ನಿಲ್ಲಿಸಿದ್ದನ್ನು ಮುಚ್ಚಿಡದೆ ಹೇಳಲಿ. ತೀರಿಕೊಂಡ ಅಣ್ಣನ ಮಕ್ಕಳು ಪ್ರಾಯಕ್ಕೆ ಬಂದಿದ್ದರೆ ಅವರಿಗೂ ಒಮ್ಮೆ ಪರೀಕ್ಷೆಯಾಗಲಿ.

ಇನ್ನೊಂದು. ನಾಲ್ಕು ಪುಟದ ಕಾಗದದಲ್ಲಿ ಯಜಮಾನರ ಅಂಕಿಗಳೆಲ್ಲ ಇವೆ. ಆಕೆಯ ವಯಸ್ಸೂ ಇಲ್ಲ, ಆಕೆಯ ಪರೀಕ್ಷೆಯ ಮಾತೂ ಇಲ್ಲ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿಯೂ ಎಲ್‌ಡಿಎಲ್ ಏರುವುದು. ಅವರ ಎದೆನೋವು ಎಷ್ಟೋ ವೇಳೆ ನೋವಾಗಿರದೆ ಆಯಾಸವೋ ಏದುಸಿರೋ ಆಗಿ ಬರುವುದರಿಂದ ಮನೆಯವರು ಕೆಲಸದ ದಣಿವೆಂದುಕೊಳ್ಳುವರು. ಯಜಮಾನರ ಜೊತೆಗೆ ಹೋದ ದಿನ ಆಕೆಯೂ ರಕ್ತ ಕೊಟ್ಟು ಬರಲಿ. ಕೊಲೆಸ್ಟ್ರಾಲಿನ ಮೊದಲ ಪರೀಕ್ಷೆಗೆ ಉಪವಾಸವೇ ಬೇಕೆಂಬ ನಿಯಮವನ್ನು 2024ರಲ್ಲಿ ಭಾರತೀಯ ಹೃದ್ರೋಗ ತಜ್ಞರ ಸಂಘವು ಸಡಿಲಿಸಿದೆ. ಸಕ್ಕರೆಯ ಪರೀಕ್ಷೆಯೂ ಜೊತೆಗಿದ್ದರೆ ಮಾತ್ರ ಬೆಳಗಿನ ಕಾಫಿಯನ್ನು ಕುಡಿಯದೆ ಹೊರಡಬೇಕಾದೀತು.