ಸಿಂಡಿಕೇಟ್ ಖಾಲಿ ಬಿಡಬೇಡಿ

ಸರ್ಕಾರ ಬದಲಾದಾಗಲೆಲ್ಲ ವಿಶ್ವವಿದ್ಯಾಲಯಗಳ ಸಿಂಡಿಕೇಟ್‌ಗೆ ಹಿಂದಿನವರು ಮಾಡಿದ ನಾಮನಿರ್ದೇಶನಗಳನ್ನು ರದ್ದುಪಡಿಸುವುದು ರಾಜ್ಯದಲ್ಲಿ ರೂಢಿಯಾಗಿಬಿಟ್ಟಿದೆ. ಹೊಸಬರ ನೇಮಕಕ್ಕೆ ಮಾತ್ರ ಆ ಆತುರ ಕಾಣುವುದಿಲ್ಲ. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ–2000ರ ಪ್ರಕಾರ ಹಣಕಾಸು, ಆಸ್ತಿ, ಆಡಳಿತದ ಹೊಣೆ ಸಿಂಡಿಕೇಟಿನದು. ನಾಮನಿರ್ದೇಶಿತರಾದ ಹೊರಗಿನ ಸದಸ್ಯರಿಲ್ಲದ ಸಭೆಯಲ್ಲಿ ಕುಲಪತಿಯನ್ನು ಪ್ರಶ್ನಿಸುವವರು ಯಾರು? ಅವರ ಕೈಕೆಳಗೆ ದುಡಿಯುವ ಡೀನ್‌ಗಳಿಂದ ಅದನ್ನು ನಿರೀಕ್ಷಿಸುವುದು ಕಷ್ಟ. ಪಿಂಚಣಿಗೂ ಪರದಾಡುವ, ಅತಿಥಿ ಉಪನ್ಯಾಸಕರನ್ನೇ ನೆಚ್ಚಿಕೊಂಡ ಸಂಸ್ಥೆಗಳಿಗೆ ಈ ಕಾವಲು ಇಂದು ಹೆಚ್ಚು ಅಗತ್ಯ. ಈ ಸ್ಥಾನಗಳಿಗೆ ಕಾಯ್ದೆ ಶಿಕ್ಷಣತಜ್ಞರನ್ನು ಕೇಳುತ್ತದೆ. ಪಕ್ಷದ ಕಾರ್ಯಕರ್ತರಿಗೆ ಪುನರ್ವಸತಿ ಕಲ್ಪಿಸಲು ಇರುವ ಜಾಗ ಇದಲ್ಲ. ಸ್ಥಾನ ತೆರವಾಗುವ ಮುನ್ನವೇ ಆಯ್ಕೆ ಆರಂಭವಾಗಲಿ. ನಾಮನಿರ್ದೇಶಿತರ ವಿದ್ಯಾರ್ಹತೆ, ಅನುಭವಗಳನ್ನು ಸರ್ಕಾರ ಆದೇಶದ ಜೊತೆಗೇ ಬಹಿರಂಗಪಡಿಸಬೇಕು.